ಬೇಸಿಗೇಲಿ ತರಕಾರಿ ತೋಟ ಉಳಿಸ್ಕೊಳ್ಳೋದು ಹೇಗೆ: ಮೊದ್ಲು ಮಣ್ಣು, ಆಮೇಲೆ ನೀರು

ಬಿಸಿಲು ಏರ್ತಿದ್ದಂಗೆ ಕೈತೋಟ ಮಾಡೋರೆಲ್ಲ ಕೇಳೋದು ಒಂದೇ ಪ್ರಶ್ನೆ, ದಿನಕ್ಕೆ ಎಷ್ಟು ಸಲ ನೀರು ಹಾಕ್ಬೇಕು ಅಂತ. ನಾನು ಕೇಳಿದ್ರೆ ಅದು ಎರಡನೇ ಪ್ರಶ್ನೆ. ಮೊದ್ಲು ಕೇಳ್ಬೇಕಾಗಿರೋದು ನಾವು ಹಾಕಿದ ನೀರು ಎಲ್ಲಿಗೆ ಹೋಗ್ತಿದೆ ಅಂತ. ಬೋಳು ಮಣ್ಣಿದ್ರೆ ಅರ್ಧ ನೀರು ಬಿಸಿಲಿಗೆ ಆವಿ ಆಗ್ತಿರತ್ತೆ, ಗಟ್ಟಿ ಮಣ್ಣಿದ್ರೆ ಮೇಲಿಂದ ಹರಿದು ಆಚೆ ಹೋಗ್ತಿರತ್ತೆ, ಬರೀ ಮರಳಿದ್ರೆ ಬೇರಿಗೆ ಸಿಗೋ ಮುಂಚೆನೇ ಕೆಳಗೆ ಇಳಿದುಬಿಟ್ಟಿರತ್ತೆ. ಇದನ್ನ ಸರಿ ಮಾಡದೆ ಬರೀ ನೀರಿನ ಪ್ರಮಾಣ ಜಾಸ್ತಿ ಮಾಡ್ತಾ ಹೋದ್ರೆ ನೀರೂ ಖಾಲಿ, ಗಿಡಾನೂ ಸೊರಗತ್ತೆ.

ನಿಮ್ಮ ಮಣ್ಣು ಏನ್ಮಾಡ್ತಿದೆ ಅಂತ ತಿಳ್ಕೊಳ್ಳೋದು ಬಹಳ ಸುಲಭ. ಎಂದಿನಂಗೆ ನೀರು ಹಾಕಿ, ಒಂದರ್ಧ ಗಂಟೆ ಬಿಟ್ಟು, ಗಿಡದ ಬುಡದಿಂದ ಒಂದು ಗೇಣು ದೂರದಲ್ಲಿ ಸಣ್ಣ ಕುರ್ಪಿಲಿ ಅಗೆದು ನೋಡಿ. ಬಹಳಷ್ಟು ತೋಟದಲ್ಲಿ ಕಾಣ್ಸೋದು ಇದು: ಮೇಲೆ ಎರಡು ಬೆರಳು ಮಣ್ಣು ಕಪ್ಪಗೆ ಒದ್ದೆ ಆಗಿರತ್ತೆ, ಅದರ ಕೆಳಗೆ ಮಣ್ಣಿನ ಬಣ್ಣನೇ ಬೇರೆ, ಪೇಲವವಾಗಿ, ಮುಟ್ಟಿದ್ರೆ ಪುಡಿ ಪುಡಿ. ಅಂದ್ರೆ ದಿನಾ ನೀರು ಹಾಕ್ತಿದ್ರೂ ಬೇರಿನ ಜಾಗಕ್ಕೆ ಒಂದು ಹನೀನೂ ತಲುಪ್ತಿಲ್ಲ. ಇನ್ನೊಂದು ತೊಂದ್ರೆ ಏನಂದ್ರೆ ಮೇಲ್ಮೇಲೆ ನೀರು ಸಿಕ್ಕಿದ್ರೆ ಬೇರೂ ಮೇಲ್ಮೇಲೇ ಹರಡ್ಕೊಳ್ಳತ್ತೆ, ಮಧ್ಯಾಹ್ನ ಅತಿ ಹೆಚ್ಚು ಕಾಯೋ ಪದರ ಅದೇ, ಹಂಗಾಗಿ ಒಂದಿನ ನೀರು ತಪ್ಪಿದ್ರೂ ಗಿಡ ತಡ್ಕೊಳಲ್ಲ.

ಆದ್ರಿಂದ ದಿನಾ ಸ್ವಲ್ಪ ಸ್ವಲ್ಪ ಚಿಮುಕಿಸೋದು ಬಿಟ್ಟು, ಎರಡು ಮೂರು ದಿನಕ್ಕೊಂದ್ಸಲ ಆಳಕ್ಕೆ ಇಳಿಯೋ ಹಾಗೆ ಹಾಕಿ, 15 ರಿಂದ 20 ಸೆಂಟಿಮೀಟರ್ ಆಳದವರೆಗೂ ಒದ್ದೆ ಆಗ್ಬೇಕು. ಲೆಕ್ಕ ಬೇಕು ಅನ್ನೋರಿಗೆ, ಒಂದು ಚದರ ಮೀಟರ್ ಜಾಗಕ್ಕೆ 25 ಲೀಟರ್ ನೀರು ಹಾಕಿದ್ರೆ 25 ಮಿಲಿಮೀಟರ್ ಮಳೆ ಬಂದಷ್ಟಾಯ್ತು. ಆದ್ರೆ ಅಷ್ಟನ್ನೂ ಒಂದೇ ಸಲ ಸುರಿದ್ರೆ ಗಟ್ಟಿ ಮಣ್ಣು ಕುಡಿಯಲ್ಲ. ಒಂದಷ್ಟು ಹಾಕಿ, ಬೇರೆ ಮಡಿಗೆ ಹೋಗಿ, ಹತ್ತು ನಿಮಿಷ ಬಿಟ್ಟು ವಾಪಸ್ ಬಂದು ಮತ್ತೆ ಹಾಕಿ, ಮೊದಲ್ನೇ ಸಲ ಹಾಕಿದ್ದು ಮಣ್ಣಿನ ಬಾಯಿ ಬಿಡಿಸಿರತ್ತೆ, ಎರಡನೇದು ಸರಾಗವಾಗಿ ಇಳಿಯತ್ತೆ. ಮರಳು ಮಣ್ಣಿನವ್ರಿಗೆ ಇದು ಉಲ್ಟಾ, ಕಡಿಮೆ ಕಡಿಮೆ ಹಾಕಿ ಆದ್ರೆ ಬೇಗ ಬೇಗ ಹಾಕಿ. ಈಗಷ್ಟೇ ನೆಟ್ಟ ಸಸಿ, ಮೊಳಕೆ ಬರ್ತಿರೋ ಬೀಜ, ಇವಕ್ಕೆ ಈ ಲೆಕ್ಕ ಅನ್ವಯಿಸಲ್ಲ, ಅವಕ್ಕೆ ಇನ್ನೂ ಬೇರೇ ಇಳಿದಿಲ್ಲ, ದಿನಾ ಬೇಕು.

ಹೊತ್ತು ಯಾವ್ದು ಅಂದ್ರೆ ಬೆಳಗಿನ ಜಾವ, ಅದಕ್ಕೆ ಸಮ ಇನ್ನೊಂದಿಲ್ಲ. ಮಣ್ಣು ತಣ್ಣಗಿರತ್ತೆ, ಗಾಳಿ ಕಡಿಮೆ, ಬಿಸಿಲು ಏರೋಷ್ಟರಲ್ಲಿ ಗಿಡ ಹೊಟ್ಟೆ ತುಂಬ ಕುಡಿದಿರತ್ತೆ. ಬೆಳಗ್ಗೆ ಆಗಲ್ಲ ಅನ್ನೋರು ಸಂಜೆ ಹಾಕ್ಬಹುದು, ಬುಡಕ್ಕೆ ಮಾತ್ರ ಹಾಕಿ, ರಾತ್ರಿಯೆಲ್ಲ ಎಲೆ ಒದ್ದೆ ಇದ್ರೆ ಶಿಲೀಂಧ್ರ ರೋಗಕ್ಕೆ ಕರೆದು ಮಣೆ ಹಾಕಿದಂಗೆ. ಮತ್ತೆ ಬಿಸಿಲಲ್ಲಿ ಬಿದ್ದಿರೋ ಪೈಪಲ್ಲಿ ಮೊದಲು ಬರೋ ನೀರು ಮುಟ್ಟೋಕಾಗದಷ್ಟು ಬಿಸಿ ಇರತ್ತೆ, ಅದನ್ನ ನೇರ ಗಿಡಕ್ಕೆ ಬಿಡ್ಬೇಡಿ, ಬಕೆಟ್‌ಗೆ ಹಿಡಿದಿಟ್ಟು ಆರಿದ ಮೇಲೆ ಬಳಸಿ.

ಮಧ್ಯಾಹ್ನ ಕುಂಬಳ, ಸೌತೆ ಎಲೆಗಳು ಕೊಡೆ ಮಡಚಿದಂಗೆ ಜೋತು ಬಿದ್ದಿರೋದು ನೋಡಿ ಗಾಬರಿಯಾಗಿ ನೀರು ಸುರಿಯೋರು ತುಂಬಾ ಜನ ಇದ್ದಾರೆ. ಸ್ವಲ್ಪ ತಡೀರಿ. ಬೇರು ಎಳೀತಿರೋದಕ್ಕಿಂತ ಎಲೆಯಿಂದ ಆವಿ ಆಗ್ತಿರೋದು ಜಾಸ್ತಿ ಆದಾಗ ಗಿಡ ಹಂಗೆ ಬಾಗತ್ತೆ, ಮಣ್ಣಲ್ಲಿ ನೀರಿದ್ರೂ ಬಾಗತ್ತೆ. ಸಂಜೆ ಹೊತ್ತಿಗೆ ಎದ್ದು ನಿಂತ್ರೆ ಏನೂ ತೊಂದ್ರೆ ಇಲ್ಲ ಅಂತ ಅರ್ಥ. ಬೆಳಗ್ಗೆ ಎದ್ದು ನೋಡಿದಾಗ್ಲೂ ಬಾಡಿದ್ರೆ ಆಗ ನಿಜವಾಗ್ಲೂ ಬಾಯಾರಿದೆ, ಇಲ್ಲಾಂದ್ರೆ ಬೇರಿಗೆ ಏನೋ ಆಗಿದೆ. ಯಾವ್ದಕ್ಕೂ ಬೆರಳು ಮಣ್ಣೊಳಗೆ ತೂರ್ಸಿ ನೋಡಿ, ಒಳಗೆ ತಂಪಿದ್ರೆ ನೀರು ಬೇಡ, ಬಾಡಿದೆ ಅಂತ ಒದ್ದೆ ಮಣ್ಣಿಗೇ ಮತ್ತೆ ಮತ್ತೆ ನೀರು ಹಾಕಿದ್ರೆ ಬೇರು ಕೊಳೆಯತ್ತೆ, ಬೇರು ಕೊಳೆತ್ರೆ ಗಿಡ ಇನ್ನೂ ಬಾಡತ್ತೆ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ, ಮಲ್ಚಿಂಗ್, ಅಂದ್ರೆ ಮಣ್ಣಿಗೆ ಹೊದಿಕೆ. ಇದೊಂದನ್ನ ಮಾಡಿ ಬೇರೆ ಯಾವ್ದೂ ಮಾಡ್ದೇ ಇದ್ರೂ ಬೇಸಿಗೆ ಅರ್ಧ ಗೆದ್ದಂಗೆ. ತರಗೆಲೆ, ಒಣಹುಲ್ಲು, ಬೀಜ ಕಟ್ಟದ ಕಳೆ, ತೆಂಗಿನ ನಾರು, ಒಣಗಿಸಿದ ಹುಲ್ಲುಹಾಸಿನ ಕತ್ತರಿಕೆ, ಚೂರು ಮಾಡಿದ ರಟ್ಟು, ಸಿಕ್ಕಿದ್ದು ಹಾಕಿ, ಆದ್ರೆ ದಪ್ಪ ಹಾಕಿ, 5 ರಿಂದ 10 ಸೆಂಟಿಮೀಟರ್ ಇರ್ಬೇಕು. ಮಣ್ಣು ಕಾಣ್ತಿದೆ ಅಂದ್ರೆ ಸಾಲ್ದು ಅಂತ. ಹಾಕೋ ಮುಂಚೆ ಮಣ್ಣನ್ನ ಚೆನ್ನಾಗಿ ನೆನೆಸಿ, ಒಣ ಮಣ್ಣಿನ ಮೇಲೆ ಹೊದಿಕೆ ಹಾಕಿ ಮೇಲಿಂದ ಸ್ವಲ್ಪ ನೀರು ಬಿಟ್ರೆ ಹುಲ್ಲೇ ಎಲ್ಲಾ ಕುಡಿದುಬಿಡತ್ತೆ, ಕೆಳಗೆ ಏನೂ ಹೋಗಲ್ಲ. ಕಾಂಡಕ್ಕೆ ಅಂಟಿಸ್ಬೇಡಿ, ಮೂರ್ನಾಲ್ಕು ಬೆರಳು ಜಾಗ ಬಿಡಿ, ಇಲ್ಲಾಂದ್ರೆ ಬುಡ ಕೊಳೆಯೋದು, ಹುಳ ಸೇರೋದು ಶುರುವಾಗತ್ತೆ. ಹಸಿ ಹುಲ್ಲನ್ನ ಒಂದೇ ಸಲ ದಪ್ಪಗೆ ಹಾಕಿದ್ರೆ ಅದು ಬಿಸಿಯಾಗಿ ಮುದ್ದೆ ಕಟ್ಟತ್ತೆ, ಒಣಗಿಸಿ ಹಾಕಿ. ಕಳೆನಾಶಕ ಹೊಡೆದ ಜಾಗದ ಹುಲ್ಲು ಮಾತ್ರ ಬೇಡವೇ ಬೇಡ.

ಹೊದಿಕೆ ಮಾಡೋ ಕೆಲ್ಸ ಬರೀ ನೀರು ಉಳಿಸೋದಲ್ಲ. ಮಧ್ಯಾಹ್ನ ಎರಡು ಗಂಟೆಗೆ ಬೋಳು ಮಣ್ಣಿನ ಮೇಲೆ ಅಂಗೈ ಇಡಿ, ಇಟ್ಟುಕೊಂಡಿರೋಕಾಗಲ್ಲ. ಅದೇ ಪಕ್ಕದಲ್ಲಿ ಹುಲ್ಲಿನ ಹೊದಿಕೆ ಎತ್ತಿ ಅದರ ಕೆಳಗೆ ಕೈ ಇಡಿ, ತಂಪು, ಸ್ವಲ್ಪ ಜಿಗುಟು, ಒಂದೆರಡು ಎರೆಹುಳನೂ ಕಂಡ್ರೆ ಕಾಣ್ಬಹುದು. ಬೇರು ಇರೋದು ಇವೆರಡ್ರಲ್ಲಿ ಯಾವ ಮಣ್ಣಲ್ಲಿ ಅನ್ನೋದ್ರ ಮೇಲೇ ಗಿಡದ ಹಣೆಬರಹ ನಿಂತಿರತ್ತೆ. ಹೊದಿಕೆ ಕೊಳೀತಾ ಕೊಳೀತಾ ಗೊಬ್ಬರ ಆಗತ್ತೆ, ಮಣ್ಣಲ್ಲಿ ಸಾವಯವ ಅಂಶ ಜಾಸ್ತಿ ಆದಷ್ಟೂ ಅದು ನೀರು ಹಿಡ್ಕೊಳ್ಳೋ ಶಕ್ತಿನೂ ಜಾಸ್ತಿ ಆಗತ್ತೆ, ಅದಕ್ಕೇ ಎರಡು ಮೂರು ವಾರಕ್ಕೊಮ್ಮೆ ಮೇಲೆ ಹೊಸದು ಹಾಕ್ತಾ ಇರಿ.

ಮಡಿ ಹೇಗಿರ್ಬೇಕು ಅನ್ನೋದೂ ಮುಖ್ಯ. ಎಲ್ಲ ಕಡೆ ಏರುಮಡಿ ಮಾಡಿ ಅಂತ ಹೇಳ್ತಾರೆ, ಮಳೆ ಜಾಸ್ತಿ ಇರೋ ಕಡೆ ಅದು ಸರಿ, ನೀರು ನಿಲ್ಲಲ್ಲ. ಒಣ ಜಾಗದಲ್ಲಿ ನಮಗೆ ಬೇಕಿರೋದು ಅದರ ಉಲ್ಟಾ. ಏರುಮಡಿಗೆ ನಾಲ್ಕೂ ಕಡೆಯಿಂದ ಬಿಸಿಲು, ಗಾಳಿ ತಾಗಿ ಬೇಗ ಒಣಗತ್ತೆ. ಅದರ ಬದ್ಲು ನೆಲದ ಮಟ್ಟಕ್ಕಿಂತ ನಾಲ್ಕೈದು ಬೆರಳು ತಗ್ಗಿಸಿ ಮಡಿ ಮಾಡಿ, ಸುತ್ತ ಸಣ್ಣ ಬದು ಕಟ್ಟಿ. ಹಾಕಿದ ನೀರು ಅಲ್ಲೇ ನಿಂತು ಅಲ್ಲೇ ಇಂಗತ್ತೆ, ಬದು ಸ್ವಲ್ಪ ಗಾಳಿನೂ ತಡೆಯತ್ತೆ. ಅಮೆರಿಕದ ನ್ಯೂ ಮೆಕ್ಸಿಕೋದ ಒಣ ಸೀಮೇಲಿ ಜುನಿ ಅನ್ನೋ ಮೂಲನಿವಾಸಿ ಜನ ಹಿಂದಿನಿಂದ್ಲೂ ಹಿಂಗೇ ಚೌಕ ಚೌಕವಾಗಿ ಮಣ್ಣಿನ ಬದು ಕಟ್ಟಿ, ಒಂದೊಂದು ಚೌಕಕ್ಕೂ ಕೈಯಲ್ಲೇ ನೀರು ಹಾಕಿ ಬೆಳೀತಿದ್ರು, ನೀರು ಕಡಿಮೆ ಇರೋ ಜಾಗದಲ್ಲಿ ಹುಟ್ಟಿದ ವಿಧಾನ ಆದ್ರಿಂದ ಅದ್ರಲ್ಲಿ ದಂಡ ಅನ್ನೋದೇ ಇಲ್ಲ. ಆಗ್ಲೇ ಏರುಮಡಿ ಕಟ್ಟಿಬಿಟ್ಟಿದ್ರೆ ಕೀಳ್ಬೇಡಿ, ಅದರ ಪಕ್ಕೆಗಳಿಗೂ ಹೊದಿಕೆ ಹಾಕಿ, ಮೇಲ್ಭಾಗವನ್ನ ತಟ್ಟೆ ಥರ ಮಧ್ಯಕ್ಕೆ ತಗ್ಗಿಸಿ.

ಹೂತಿಟ್ಟ ಮಡಕೆ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು, ಯಾಕಂದ್ರೆ ಇಷ್ಟು ಒಳ್ಳೇ ಉಪಾಯನ ಎಷ್ಟೋ ಜನ ಮರ್ತೇಬಿಟ್ಟಿದ್ದಾರೆ. ಚೀನಾದಲ್ಲಿ ಕ್ರಿಸ್ತಪೂರ್ವ 1ನೇ ಶತಮಾನದಲ್ಲಿ ಫಾನ್ ಶೆಂಗ್‌ಜಿ ಬರೆದ ಬೇಸಾಯದ ಪುಸ್ತಕದಲ್ಲೇ ಇದು ಇದೆ, ಅಷ್ಟು ಹಳೇದು. ಒಳಗೂ ಹೊರಗೂ ಬಣ್ಣ, ಪಾಲಿಶ್ ಇಲ್ಲದ ಮಣ್ಣಿನ ಮಡಕೆ ತಗೊಳ್ಳಿ, ಮೂರ್ನಾಲ್ಕು ಲೀಟರ್ ಹಿಡಿಯೋದು ಸಾಕು. ತಳದಲ್ಲಿ ತೂತಿದ್ರೆ ಸಿಮೆಂಟಲ್ಲಿ ಮುಚ್ಚಿ. ಕತ್ತು ಮಾತ್ರ ಎರಡು ಬೆರಳು ಮೇಲೆ ಕಾಣೋ ಹಾಗೆ ಮಡಿಯ ನಡುವೆ ಹೂತು, ಸುತ್ತ ಮಣ್ಣನ್ನ ಚೆನ್ನಾಗಿ ಒತ್ತಿ, ಮಡಕೆಗೂ ಮಣ್ಣಿಗೂ ನಡುವೆ ಸಂದು ಇದ್ರೆ ನೀರು ದಾಟಲ್ಲ. ತುಂಬ್ಸಿ, ಮೇಲೆ ಮುಚ್ಚಳ ಇಡಿ, ಇಲ್ಲಾಂದ್ರೆ ಸೊಳ್ಳೆ ಮೊಟ್ಟೆ ಇಡತ್ತೆ. ಇನ್ನು ಅದರ ಸುತ್ತ ಒಂದು ಗೇಣು ಒಳಗೆ ಗಿಡ ನೆಡಿ. ಸುತ್ತಲ ಮಣ್ಣು ಒಣಗಿದಷ್ಟೂ ಮಡಕೆ ಗೋಡೆಯಿಂದ ನೀರು ಒಸರತ್ತೆ, ಮಣ್ಣು ಒದ್ದೆ ಇದ್ರೆ ಒಸರೋದು ನಿಧಾನ ಆಗತ್ತೆ, ಗಿಡ ಕೇಳಿದಷ್ಟೇ ಕೊಡತ್ತೆ ಅನ್ನಿ. ಒಂದು ತಿಂಗಳು ಬಿಟ್ಟು ಪಕ್ಕದಲ್ಲಿ ಅಗೆದು ನೋಡಿದ್ರೆ ಬಿಳಿ ಬೇರಿನ ಜಾಲ ಮಡಕೆ ಮೈಗೆ ಅಂಟ್ಕೊಂಡು ಬಲೆ ಹೆಣೆದಂಗೆ ಇರತ್ತೆ. ನೆಲದ ಮೇಲ್ಮೈ ಒಣಗೇ ಇರೋದ್ರಿಂದ ಕಳೆನೂ ಕಡಿಮೆ. ನೀರು ಗಡಸಾಗಿದ್ರೆ ನಿಧಾನಕ್ಕೆ ಗೋಡೆಯ ರಂಧ್ರ ಕಟ್ಕೊಳ್ಳತ್ತೆ, ಬೆಳೆ ಮುಗಿದ ಮೇಲೆ ತೆಗೆದು ಗಟ್ಟಿ ಬ್ರಷ್‌ನಲ್ಲಿ ಉಜ್ಜಿ ಮತ್ತೆ ಇಡಿ. ಸೋರೆ, ಸೌತೆ, ಟೊಮ್ಯಾಟೊ, ಬದನೆ ಇಂಥವಕ್ಕೆ ಇದು ಹೇಳಿ ಮಾಡಿಸಿದ್ದು, ಒತ್ತಾಗಿ ಬಿತ್ತೋ ಸೊಪ್ಪಿಗೆ ಅಷ್ಟು ಆಗಿಬರಲ್ಲ.

ನೆರಳು. ತರಕಾರಿಗೆ ಬಿಸಿಲು ಬೇಕು ನಿಜ, ಆದ್ರೆ ಬೆಳಗಿನ ಬಿಸಿಲೂ ಮಧ್ಯಾಹ್ನದ ಬಿಸಿಲೂ ಒಂದೇ ಅಲ್ಲ. ಗಿಡಕ್ಕೆ ಬೇಕಾಗಿರೋ ಬೆಳಕು ಬೆಳಗ್ಗೆಯಿಂದ ಮಧ್ಯಾಹ್ನದೊಳಗೆ ಹೆಚ್ಚುಕಮ್ಮಿ ಸಿಕ್ಕೇ ಸಿಗತ್ತೆ, ಆಮೇಲೆ ಪಡುವಣ ಕಡೆಯಿಂದ ಬೀಳೋ ಬಿಸಿಲೇ ಸುಡೋದು. ಅದಕ್ಕೆ ಶೇಡ್ ನೆಟ್ ಕಟ್ಟೋದಾದ್ರೆ ಮೊದ್ಲು ಪಶ್ಚಿಮದ ಕಡೆ ಕಟ್ಟಿ. ಹಣ್ಣು ಕಾಯಿ ಬಿಡೋ ಗಿಡಕ್ಕೆ 30 ಪರ್ಸೆಂಟ್ ನೆಟ್, ಅಂದ್ರೆ ಬಿಸಿಲಲ್ಲಿ ನೂರಕ್ಕೆ 30 ಭಾಗ ತಡೆಯೋದು, ಸಾಕು, ಸೊಪ್ಪಿಗೆ 50 ಪರ್ಸೆಂಟ್, ಅದಕ್ಕಿಂತ ದಟ್ಟ ಆದ್ರೆ ಗಿಡ ಬೆಳಕು ಹುಡುಕ್ಕೊಂಡು ಉದ್ದಕ್ಕೆ ಬೆಳೆಯತ್ತೆ ಅಷ್ಟೇ, ಕಾಯಿ ಬಿಡಲ್ಲ. ನೆಟ್ ಗಿಡದ ತಲೆಗೆ ತಾಗ್ಬಾರ್ದು, ಒಂದೆರಡು ಅಡಿ ಮೇಲೆ ಇರ್ಲಿ, ಗಾಳಿ ಆಡ್ಬೇಕು. ನೆಟ್ ಇಲ್ಲಾಂದ್ರೆ ಹಳೇ ತೆಳು ಬಟ್ಟೆ, ಗರಿ ಚಪ್ಪರ, ಅದೂ ಬೇಡ ಅಂದ್ರೆ ಪಶ್ಚಿಮದ ಅಂಚಿಗೆ ಜೋಳದ ಸಾಲು ಹಾಕಿ, ಇಲ್ಲಾ ಹೀರೆ, ಹಾಗಲ ಬಳ್ಳಿನ ಚಪ್ಪರಕ್ಕೆ ಹಬ್ಬಿಸಿ ಅದರ ನೆರಳಲ್ಲಿ ಸೊಪ್ಪು ಬೆಳೀರಿ. ಆದ್ರೆ ದೊಡ್ಡ ಮರದ ಬುಡದಲ್ಲಿ ಮಡಿ ಮಾಡ್ಬೇಡಿ, ನೆರಳು ಸಿಗತ್ತೆ ಅನ್ನೋದು ಸರಿ, ನೀವು ಹಾಕಿದ ನೀರನ್ನ ಮೊದ್ಲು ಕುಡಿಯೋದು ಮರನೇ. ಒಣ ಗಾಳಿನೂ ಬಿಸಿಲಷ್ಟೇ ನೀರು ಎಳೆಯತ್ತೆ, ಗಾಳಿ ಬೀಸೋ ಕಡೆಗೊಂದು ಬೇಲಿ ಇರ್ಲಿ.

ಏನು ಬೆಳೀಬೇಕು ಅನ್ನೋದು ಆರಿಸ್ಕೊಳ್ಳೋವಾಗ ಹಠ ಬೇಡ. ಹೂಕೋಸು, ಬಟಾಣಿ, ಪಾಲಕ್, ಲೆಟ್ಯೂಸ್ ತಂಪು ಹವೆಯವು, ಅವನ್ನ ಸುಡು ಬಿಸಿಲಲ್ಲಿ ಬೆಳೆಸೋಕೆ ಹೋಗೋದು ವ್ಯರ್ಥ ಶ್ರಮ, ಲೆಟ್ಯೂಸ್ ಬೀಜ ಅಂತೂ ಮಣ್ಣು ಬಿಸಿ ಇದ್ರೆ ಮೊಳಕೆನೇ ಒಡೆಯಲ್ಲ, ಕೊತ್ತಂಬರಿ ಎರಡೆಲೆ ಬಿಟ್ಟು ಹೂವಿಗೆ ಹೋಗ್ಬಿಡತ್ತೆ. ಬಿಸಿಲಿಗೇ ಹುಟ್ಟಿದಂಥವು ಬೇಕಾದಷ್ಟಿವೆ: ಬೆಂಡೆ, ಗೋರಿಕಾಯಿ, ಅಲಸಂದೆ, ಬದನೆ, ದಂಟು, ಬಸಳೆ, ಸೋರೆ, ಹೀರೆ, ಹಾಗಲ. ಗೋರಿಕಾಯಿ ಬೇರು ಆಳಕ್ಕೆ ಇಳಿಯತ್ತೆ, ಕಡಿಮೆ ನೀರಲ್ಲಿ ಬದುಕತ್ತೆ. ಅಲಸಂದೆ ಗಾಳಿಯಲ್ಲಿರೋ ಸಾರಜನಕ ಹಿಡಿದು ಮಣ್ಣಿಗೆ ಸೇರಿಸತ್ತೆ, ನೆಲ ತುಂಬ ಹರಡಿ ತಾನೇ ಹೊದಿಕೆ ಆಗತ್ತೆ. ದಂಟಿನ ಸೊಪ್ಪಿಗೆ ಬಿಸಿಲು ಜಾಸ್ತಿ ಆದಾಗ್ಲೂ ಕಡಿಮೆ ನೀರಲ್ಲಿ ಬೆಳೆಯೋ ಗುಣ ಇದೆ. ಕಳೆ ಅಂತ ಕಿತ್ತು ಬಿಸಾಕೋ ಗೋಣಿಸೊಪ್ಪು ಎಂಥಾ ಬರಕ್ಕೂ ಬಗ್ಗಲ್ಲ, ಅದನ್ನ ಒಂದು ಮೂಲೇಲಿ ಬೆಳೆಯೋಕೆ ಬಿಡಿ, ಒಳ್ಳೇ ಸೊಪ್ಪು.

ಟೊಮ್ಯಾಟೊ ವಿಷಯ ಬೇರೆ. ಹಗಲು 35 ಡಿಗ್ರಿ ಸೆಲ್ಸಿಯಸ್ ದಾಟಿ, ರಾತ್ರಿನೂ 24ರ ಕೆಳಗೆ ಇಳಿಯದೇ ಇದ್ರೆ ಅದರ ಪರಾಗ ಕೆಟ್ಟು ಹೋಗತ್ತೆ, ಹೂವು ತೊಟ್ಟಿನ ಹತ್ರ ಹಳದಿ ಆಗಿ ಉದುರತ್ತೆ. ಜನ ಗೊಬ್ಬರ ಸಾಲ್ದು ಅಂತ ಇನ್ನಷ್ಟು ಸುರೀತಾರೆ, ಅದ್ರಿಂದ ಬರೀ ಎಲೆ ಬರತ್ತೆ. ಮಾಡ್ಬೇಕಾಗಿರೋದು ಇಷ್ಟೇ, ನೆರಳು ಕೊಟ್ಟು ಗಿಡನ ಜೀವಂತ ಇಟ್ಕೊಳ್ಳಿ, ತಂಪಾದ ತಕ್ಷಣ ಅದೇ ಗಿಡ ಮತ್ತೆ ಕಾಯಿ ಕಚ್ಚತ್ತೆ. ದಪ್ಪ ಹಣ್ಣಿನ ತಳಿಗಿಂತ ಚೆರ್ರಿ ಟೊಮ್ಯಾಟೊ ಸೆಕೆಲಿ ಸಾಮಾನ್ಯವಾಗಿ ಚೆನ್ನಾಗಿ ತಡ್ಕೊಳ್ಳತ್ತೆ. ಹಣ್ಣಿನ ತಳ ಕಪ್ಪಾಗಿ ಒಳಗೆ ಕುಸಿದಿದ್ರೆ ಅದು ರೋಗ ಅಲ್ಲ, ಒಂದಿನ ಒಣಗಿಸಿ ಒಂದಿನ ಮುಳುಗಿಸಿ ಹಾಕೋ ನೀರಿಂದ ಕ್ಯಾಲ್ಸಿಯಂ ಹಣ್ಣಿನ ತುದಿಗೆ ತಲುಪ್ತಿಲ್ಲ ಅಂತ, ನೀರನ್ನ ಒಂದೇ ಸಮ ಮಾಡಿದ್ರೆ ಮುಂದಿನ ಕಾಯಿ ಸರಿ ಬರತ್ತೆ. 30 ಡಿಗ್ರಿ ಮೇಲೆ ಕೆಂಪು ಬಣ್ಣನೂ ಸರಿಯಾಗಿ ಕೂರಲ್ಲ, ಬಣ್ಣ ತಿರುಗೋಕೆ ಶುರು ಆದಾಗ್ಲೇ ಕಿತ್ತು ಮನೆಯೊಳಗೆ ಹಣ್ಣು ಮಾಡಿ. ಬೇಸಿಗೇಲಿ ಟೊಮ್ಯಾಟೊ, ಮೆಣಸಿನ ಗಿಡದ ಎಲೆ ಸವರೋಕೆ ಹೋಗ್ಬೇಡಿ, ಕಾಯಿಗೆ ಆ ಎಲೆನೇ ಕೊಡೆ, ಅದು ಹೋದ್ರೆ ಕಾಯಿ ಮೇಲೆ ಬಿಳಿ ಸುಟ್ಟ ಮಚ್ಚೆ ಬೀಳತ್ತೆ.

ಬಳ್ಳಿ ತರಕಾರಿಲಿ ಸೆಕೆ ಜಾಸ್ತಿ ಆದಾಗ ಗಂಡು ಹೂವೇ ಹೆಚ್ಚು ಬರತ್ತೆ, ಜೇನು ಓಡಾಟನೂ ಕಡಿಮೆ ಇರತ್ತೆ, ಹಂಗಾಗಿ ಮಿಡಿ ಹಳದಿ ಆಗಿ ಬಿದ್ದುಹೋಗತ್ತೆ. ಕೈಯಲ್ಲೇ ಪರಾಗ ಹಚ್ಚಿ. ಹಿಂದೆ ಪುಟ್ಟ ಕಾಯಿ ಇರೋದು ಹೆಣ್ಣು ಹೂವು, ಬರೀ ತೊಟ್ಟಿರೋದು ಗಂಡು. ಗಂಡು ಹೂವಿನ ಎಸಳು ಬಿಡಿಸಿ ನಡುವಿನ ಹಳದಿ ಪುಡಿನ ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಸವರಿದ್ರೆ ಆಯ್ತು. ಇಲ್ಲಿ ಹೊತ್ತು ಗೊತ್ತಿರ್ಬೇಕು, ಕುಂಬಳ, ಹಾಗಲ ಬೆಳಗ್ಗೆ ಅರಳತ್ತೆ, ಹೀರೆ, ಸೋರೆ ಸಂಜೆ ಮೇಲೆ ಅರಳತ್ತೆ. ಸೋರೆಗೆ ಬೆಳಗ್ಗೆ ಹತ್ತು ಗಂಟೆಗೆ ಹೋಗಿ ನಿಂತ್ರೆ ಹೂವು ಬಾಡಿ ಮುಗಿದಿರತ್ತೆ.

ಬೀಜ ಹಾಕೋದು: ಬೆಂಡೆ, ಹಾಗಲ ಬೀಜನ ರಾತ್ರಿ ನೆನೆಸಿಡಿ, ಮಾಮೂಲಿಗಿಂತ ಸ್ವಲ್ಪ ಆಳಕ್ಕೆ ಹಾಕಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ದಿನಾ ಎತ್ತಿ ನೋಡ್ಲೇಬೇಕು, ಮೊಳಕೆ ಕಂಡ ದಿನಾನೇ ಚೀಲ ತೆಗೀರಿ. ಸಸಿ ನೆಡೋದು ಸಂಜೆ, ಬಿಸಿಲು ಇಳಿದ ಮೇಲೆ. ಗುಣಿಗೆ ಮೊದ್ಲು ನೀರು ತುಂಬ್ಸಿ, ಅದು ಇಂಗಿದ ಮೇಲೆ ನೆಟ್ಟು, ನಾಲ್ಕೈದು ದಿನ ಒಂದು ಎಲೆಕೊಂಬೆನ ಪಶ್ಚಿಮಕ್ಕೆ ಚುಚ್ಚಿ ನೆರಳು ಮಾಡಿ.

ಕುಂಡದಲ್ಲಿ ಬೆಳೆಯೋರಿಗೆ ಕಷ್ಟ ಜಾಸ್ತಿ, ನೆಲದಲ್ಲಿ ಬರೀ ಮೇಲಿಂದ ಬಿಸಿ, ಕುಂಡಕ್ಕೆ ಸುತ್ತಲಿಂದ್ಲೂ. ಕಪ್ಪು ಪ್ಲಾಸ್ಟಿಕ್ ಕುಂಡದ ಬಿಸಿಲು ಬೀಳೋ ಪಕ್ಕದಲ್ಲಿ ಬೇರು ಬೆಂದೇ ಹೋಗ್ಬಹುದು. ಬಿಳಿ ಬಟ್ಟೆ ಇಲ್ಲಾ ಗೋಣಿ ಸುತ್ತಿ, ಕುಂಡಗಳನ್ನ ಒತ್ತೊತ್ತಾಗಿ ಗುಂಪು ಮಾಡಿ ಇಡಿ, ಕಾದ ಕಾಂಕ್ರೀಟ್ ಮೇಲೆ ನೇರ ಇಡ್ದೇ ಕೆಳಗೆ ಮರದ ತುಂಡೋ ಇಟ್ಟಿಗೆನೋ ಕೊಡಿ. ದೊಡ್ಡ ಕುಂಡ ನಿಧಾನಕ್ಕೆ ಒಣಗತ್ತೆ, ಐದು ಸಣ್ಣದರ ಬದ್ಲು ಎರಡು ದೊಡ್ಡದು ಒಳ್ಳೇದು. ಕೋಕೋಪೀಟ್, ಅಂದ್ರೆ ತೆಂಗಿನ ನಾರಿನ ಪುಡಿ, ಜಾಸ್ತಿ ಇರೋ ಮಿಶ್ರಣ ಒಂದ್ಸಲ ಪೂರ್ತಿ ಒಣಗಿದ್ರೆ ಕುಂಡದ ಅಂಚು ಬಿಟ್ಟು ಒಳಗೆ ಕುಗ್ಗತ್ತೆ, ಮೇಲಿಂದ ಹಾಕಿದ ನೀರು ಆ ಸಂದಿಯಲ್ಲಿ ಇಳಿದು ತಳದಿಂದ ಆಚೆ ಬರತ್ತೆ, ನೋಡೋರಿಗೆ ನೀರು ತುಂಬಿದೆ ಅನ್ಸತ್ತೆ, ಒಳಗೆ ಬೇರು ಒಣಗೇ ಇರತ್ತೆ. ಅಂಥ ಕುಂಡನ ಎತ್ತಿ ನೋಡಿ, ಹಗುರ ಇದ್ರೆ ಟಬ್ ನೀರಲ್ಲಿ ಅರ್ಧ ಗಂಟೆ ಕೂರ್ಸಿ, ಕೆಳಗಿಂದ ಕುಡೀಲಿ.

ಗೊಬ್ಬರದ ವಿಷಯದಲ್ಲಿ ಕೈ ಬಿಗಿ ಹಿಡೀರಿ. ಉರಿ ಬಿಸಿಲಲ್ಲಿ ಯೂರಿಯಾದಂಥ ರಾಸಾಯನಿಕ ಗೊಬ್ಬರ ಕೊಟ್ರೆ ಒಣ ಮಣ್ಣಲ್ಲಿ ಉಪ್ಪಿನಂಶ ಏರಿ ಬೇರು ಸುಡತ್ತೆ, ಉಳಿದ್ರೂ ಮೆತ್ತನೆ ಎಲೆ ಬಂದು ಗಿಡಹೇನು ಮುತ್ತತ್ತೆ. ಹೊದಿಕೆ ಸರಿಸಿ ಬುಡಕ್ಕೆ ಎರಡು ಹಿಡಿ ಕಾಂಪೋಸ್ಟ್ ಹಾಕಿ ಮತ್ತೆ ಮುಚ್ಚಿ, ಸಾಕು. ತರಕಾರಿ ತೊಳೆದ ನೀರನ್ನ ಧಾರಾಳವಾಗಿ ಬಳಸಿ, ಬಟ್ಟೆ ಸೋಪಿನ ನೀರು ಮಾತ್ರ ಬೇಡ, ಅದರಲ್ಲಿರೋ ಸೋಡಿಯಂ ಮಣ್ಣನ್ನ ಗಟ್ಟಿ ಮಾಡತ್ತೆ.

ಒಣ ಸೆಕೆಗೆ ಬರೋ ಮುಖ್ಯ ಶತ್ರು ನುಸಿ. ಎಲೆ ಮೇಲೆ ಸಣ್ಣ ಸಣ್ಣ ಬಿಳಿ ಚುಕ್ಕೆ ಕಂಡ್ರೆ ಎಲೆ ತಿರುಗಿಸಿ ಒಂದು ಬಿಳಿ ಹಾಳೆ ಮೇಲೆ ತಟ್ಟಿ, ಬಿದ್ದ ಧೂಳು ನಡೆಯೋಕೆ ಶುರು ಮಾಡಿದ್ರೆ ಅದು ನುಸಿನೇ. ಬೆಳಗ್ಗೆ ಹೊತ್ತು ಎಲೆಯ ಕೆಳಮೈಗೆ ಜೋರಾಗಿ ನೀರು ಚಿಮ್ಮಿಸಿ, ಎರಡು ದಿನ ಬಿಟ್ಟು ಮತ್ತೆ ಮಾಡಿ, ಬಲೆ ಕಟ್ಟಿರೋ ಎಲೆ ಕಿತ್ತುಬಿಡಿ. ಬೇವಿನೆಣ್ಣೆ ಹೊಡೆಯೋದಿದ್ರೆ ಸಂಜೆನೇ ಹೊಡೀರಿ, ಬಿಸಿಲಲ್ಲಿ ಎಣ್ಣೆ ಬಿದ್ದ ಎಲೆ ಕರಕಲಾಗತ್ತೆ. ಬೆಂಡೆ ಎಲೆ ನರ ಹಳದಿ ಬಲೆ ಥರ ಆಗಿದ್ರೆ ಅದು ಬಿಳಿನೊಣ ಹರಡೋ ವೈರಸ್, ಔಷಧಿ ಇಲ್ಲ, ಆ ಗಿಡನ ಬೇರುಸಮೇತ ಕಿತ್ತು ತೋಟದಿಂದ ಆಚೆ ಹಾಕಿ.

ಕೊಯ್ಲು ಬೆಳಗ್ಗೆನೇ ಮಾಡಿ, ಬಿಸಿಲು ತಾಗಿದ ಸೊಪ್ಪು ಕಿತ್ತ ಗಂಟೆಗೇ ಸೋಲತ್ತೆ. ಬೆಂಡೆ, ಸೌತೆ ಎರಡು ದಿನಕ್ಕೊಂದ್ಸಲ ಕೀಳ್ಲೇಬೇಕು, ಒಂದು ಕಾಯಿ ಬಲಿತು ಬೀಜಕ್ಕೆ ಹೋದ್ರೂ ಗಿಡ ಹೊಸ ಹೂವು ಕಡಿಮೆ ಮಾಡತ್ತೆ, ಬೀಜ ಬಲಿಸೋಕೆ ನೀರೂ ಜಾಸ್ತಿ ಎಳೆಯತ್ತೆ. ಬಾಯಾರಿದ ಗಿಡದ ಸೌತೆ ಕಹಿ ಬರ್ಬಹುದು, ತುದಿ ಕೊಯ್ದು ರುಚಿ ನೋಡಿ, ತೀರಾ ಕಹಿ ಇದ್ರೆ ತಿನ್ಬೇಡಿ. ನಾಲ್ಕೈದು ದಿನ ಊರಿಗೆ ಹೋಗೋದಿದ್ರೆ ಹಿಂದಿನ ದಿನ ಎಲ್ಲ ಮಡಿಗೂ ಆಳಕ್ಕೆ ನೀರು ಬಿಟ್ಟು, ಮಡಕೆಗಳನ್ನ ಬಾಯಿ ತನಕ ತುಂಬ್ಸಿ, ಹೊದಿಕೆ ಇನ್ನೊಂದು ಪದರ ಹಾಕಿ, ಕುಂಡಗಳನ್ನ ಗೋಡೆ ನೆರಳಿಗೆ ಎಳೆದಿಟ್ಟು, ಎಳೇ ಕಾಯಿ ಸಮೇತ ಕೊಯ್ದು ಹೋಗಿ.